ಒಂದು ತುತ್ತಿನಿಂದ ಏನಾದೀತು?

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಶಾಲೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆದು ಅಂಕ ಪಡೆದವರಲ್ಲಿ ನಾನೂ ಒಬ್ಬಳು. ಆದರೆ ಅದರ ಎರಡು ಭಾಗಗಳೂ ಒಂದೇ ಮಗುವಿನ ಪಾಲನೆಯಲ್ಲಿ ನನಗೆ ಬೇಕಾಗುವುವೆಂದು, ಮದುವೆಯಾಗಿ ದೆಹಲಿಗೆ ಬಂದು ನೆಲೆಸಿದಾಗ ನಾನು ಎಣಿಸಿರಲಿಲ್ಲ. ನಮ್ಮ ಮಗನಿಗೆ ಗೋಧಿ ಆಗದ ಸೀಲಿಯಾಕ್ ಕಾಯಿಲೆಯಿದೆ. ಅದರ ಜೊತೆಗೆ ಕಡಲೆಕಾಯಿಯ ಅಲರ್ಜಿಯೂ ಇದೆ. ನಾನು ವೈದ್ಯಳಲ್ಲ, ಒಬ್ಬ ಗೃಹಿಣಿ. ವೈದ್ಯರಿಂದ ಕೇಳಿ ತಿಳಿದದ್ದನ್ನೂ ಸ್ವತಃ ತಪ್ಪಿ ಕಲಿತದ್ದನ್ನೂ ಸಂಘದ ಬಂಧುಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಸಂಕ್ರಾಂತಿಯ ದಿನ

ಅದು 2016ರ ಸಂಕ್ರಾಂತಿ. ಮಗುವಿಗೆ ಆಗ ಒಂದೂವರೆ ವರ್ಷ. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿಬೀಜಗಳನ್ನು ಬೆರೆಸಿ, ಮೊಮ್ಮಗನ ಗಂಟಲಿಗೆ ಸಿಕ್ಕದಿರಲೆಂದು ಅವನ ಪಾಲನ್ನು ನುಣ್ಣಗೆ ಕುಟ್ಟಿ ನಾಲಿಗೆಗೆ ನೆಕ್ಕಿಸಿದರು. ಹತ್ತು ನಿಮಿಷ ಕಳೆದಿರಲಿಲ್ಲ. ತುಟಿ ಬಾತುಕೊಂಡಿತು, ಮೈಯೆಲ್ಲ ದದ್ದು ಎದ್ದಿತು, ಮಗು ವಾಂತಿ ಮಾಡಿಕೊಂಡು ಏದುಸಿರು ಬಿಡತೊಡಗಿತು. ಸಮೀಪದ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ವೈದ್ಯರು ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರು. ಉಸಿರು ತಹಬಂದಿಗೆ ಬಂದಿತು. “ನನ್ನ ಕೈಯಾರೆ ತಿನ್ನಿಸಿದೆನಲ್ಲಾ” ಎಂದು ಅತ್ತೆಯವರು ಆ ರಾತ್ರಿ ಊಟವನ್ನೇ ಮಾಡಲಿಲ್ಲ.

ತಪ್ಪು ಅವರದಾಗಿರಲಿಲ್ಲ. ನಿರಪಾಯಕರವಾದ ಆಹಾರವನ್ನು ಶರೀರದ ರಕ್ಷಣಾವ್ಯವಸ್ಥೆಯು ಶತ್ರುವೆಂದು ಭ್ರಮಿಸಿ ಹೋರಾಟಕ್ಕೆ ನಿಲ್ಲುವುದೇ ಅಲರ್ಜಿ. ಅದರ ಉಗ್ರರೂಪಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರು. 1902ರಲ್ಲಿ ಈ ವಿದ್ಯಮಾನವನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿಗಳಲ್ಲಿ ಒಬ್ಬನಾದ ಚಾರ್ಲ್ಸ್ ರಿಷೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂಥ ಸಂದರ್ಭದಲ್ಲಿ ಮೊದಲ ಚಿಕಿತ್ಸೆ ಅಡ್ರಿನಲಿನ್ನೇ; ತುರಿಕೆಯನ್ನು ಶಮನಗೊಳಿಸುವ ಅಲರ್ಜಿ ಮಾತ್ರೆ ಅದಕ್ಕೆ ಬದಲಿಯಾಗಲಾರದು. ಹೀಗೆಂದು ಎಲ್ಲ ತಾಯಂದಿರೂ ಕಡಲೆಕಾಯಿಗೆ ಹೆದರಬೇಕಾಗಿಲ್ಲ. ಅಲರ್ಜಿಯ ಸಂಭವ ಹೆಚ್ಚಾಗಿರುವ ಶಿಶುಗಳಿಗೆ ಮೊದಲ ವರ್ಷದಲ್ಲಿಯೇ ಕಡಲೆಕಾಯಿಯನ್ನು ತಕ್ಕ ರೂಪದಲ್ಲಿ ತಿನ್ನಿಸುತ್ತ ಬಂದರೆ ಈ ಅಲರ್ಜಿ ಬಹುಮಟ್ಟಿಗೆ ತಪ್ಪುತ್ತದೆಂದು ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿದೆ. ತೀವ್ರವಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿರುವ ಶಿಶುವಾದರೆ ಮಾತ್ರ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಊದಿದ ಹೊಟ್ಟೆ, ಬಡಕಲು ಕೈಕಾಲು

ಈ ಘಟನೆಯಾದ ಮೇಲೆ ಮಗುವಿಗೆ ಏನೇ ಆದರೂ “ಅಲರ್ಜಿಯಿರಬೇಕು” ಎಂದು ನಾವೇ ತೀರ್ಮಾನಿಸುವಂತಾಯಿತು. ಎರಡು ವರ್ಷ ತುಂಬಿದ ಬಳಿಕ ಹೊಟ್ಟೆ ಊದಿಕೊಂಡು ಕೈಕಾಲು ಸೊರಗತೊಡಗಿದವು. ದಿನಕ್ಕೆ ನಾಲ್ಕೈದು ಬಾರಿ ಭೇದಿ. ಮುಖ ಬಿಳಿಚಿಕೊಂಡಿತು, ಸದಾ ಕಿರಿಕಿರಿ, ಅಳು. ನಾವು ತೋರಿಸಿದ ಆಸ್ಪತ್ರೆಯಲ್ಲಿ ಜಂತುಹುಳುವಿಗೆ ಮದ್ದು ಕೊಟ್ಟರು. ಕಬ್ಬಿಣದ ಅಂಶದ ಟಾನಿಕ್ ಕೊಟ್ಟರು. ರಕ್ತಹೀನತೆ ಜಗ್ಗಲಿಲ್ಲ. ಸೀಲಿಯಾಕ್ ಇರಬಹುದೇ ಎಂದು ಅಳುಕುತ್ತ ಕೇಳಿದಾಗ, “ಅದು ಪಂಜಾಬಿನ ಕಡೆಯವರ ಕಾಯಿಲೆ, ನೀವು ದಕ್ಷಿಣದವರು” ಎಂಬ ಉತ್ತರ ಬಂದಿತು. ಮಗು ಸೊರಗಿತೆಂದು ನಾನು ದಿನಕ್ಕೆರಡು ಬಾರಿ ಹಾಲಿಗೆ ಮಾಲ್ಟಿನ ಪುಡಿ ಬೆರೆಸಿ ಕುಡಿಸುತ್ತಿದ್ದೆ. ಆ ಪುಡಿಯೇ ಜವೆಗೋಧಿ ಮತ್ತು ಗೋಧಿಗಳಿಂದ ಮಾಡಿದ್ದೆಂದು ಡಬ್ಬಿಯನ್ನು ತಿರುಗಿಸಿ ಓದುವ ಬುದ್ಧಿ ಆಗ ನನಗಿರಲಿಲ್ಲ.

ಇನ್ನೊಂದು ತಪ್ಪನ್ನೂ ಮಾಡಿದೆವು. ಪರಿಚಿತರ ಸಲಹೆಯಂತೆ ಯಾವ ಪರೀಕ್ಷೆಯೂ ಇಲ್ಲದೆ ಗೋಧಿಯನ್ನು ನಿಲ್ಲಿಸಿದೆವು. ಮಗು ಚೇತರಿಸಿಕೊಂಡಿತು. ಆರು ತಿಂಗಳಾದ ಮೇಲೆ ರಕ್ತಪರೀಕ್ಷೆ ಮಾಡಿಸಿದರೆ ದೋಷವೇನೂ ಕಾಣಲಿಲ್ಲ. ಕಾಯಿಲೆ ಇಲ್ಲವೆಂದು ಹಿಗ್ಗಿ ಚಪಾತಿಯನ್ನು ಪುನಃ ಆರಂಭಿಸಿದೆವು. 2018ರ ಬೇಸಿಗೆಯ ಹೊತ್ತಿಗೆ ನಾಲ್ಕು ವರ್ಷದ ಮಗು ಹನ್ನೊಂದೇ ಕಿಲೋ ತೂಗುತ್ತಿತ್ತು. ಹೊಸದಾಗಿ ಕಂಡ ತಜ್ಞರೊಬ್ಬರು ಗುಟ್ಟನ್ನು ಬಿಡಿಸಿದರು. ಈ ರೋಗದಲ್ಲಿ ರಕ್ತದಲ್ಲಿ ಕಾಣುವ ಪ್ರತಿಕಾಯಗಳು ಗೋಧಿ ತಿನ್ನುತ್ತಿರುವಾಗ ಮಾತ್ರ ಏರಿರುತ್ತವೆ. ಗೋಧಿ ಬಿಟ್ಟರೆ ಇಳಿದುಹೋಗುತ್ತವೆ. ಆದುದರಿಂದ ಪರೀಕ್ಷೆ ಮುಗಿಯುವ ತನಕ ಗೋಧಿಯನ್ನು ನಿಲ್ಲಿಸಬಾರದು. ಈ ಸಲ ಪ್ರತಿಕಾಯಗಳು ಮಿತಿಯ ಹಲವು ಪಟ್ಟು ಹೆಚ್ಚಾಗಿದ್ದವು. ಎಂಡೋಸ್ಕೋಪಿಯ ಮೂಲಕ ಸಣ್ಣ ಕರುಳಿನ ಚೂರನ್ನು ತೆಗೆದು ನೋಡಿ ರೋಗವನ್ನು ದೃಢಪಡಿಸಿದರು.

ರೋಗದ ಸ್ವರೂಪ

ಗೋಧಿ, ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲೂಟನ್ ಎಂಬ ಸಸಾರಜನಕವೇ ಇಲ್ಲಿ ಅಪರಾಧಿ. ಚಪಾತಿಯ ಕಣಕಕ್ಕೆ ಜಿಗುಟು ಕೊಡುವುದೂ ಅದೇ. ಸಣ್ಣ ಕರುಳಿನ ಒಳಮೈಯಲ್ಲಿ ಬೆರಳಿನಾಕಾರದ ಅತಿ ಸೂಕ್ಷ್ಮವಾದ ಚಾಚುಗಳಿವೆ. ಆಹಾರದ ಸತ್ತ್ವವನ್ನು ಹೀರಿಕೊಳ್ಳುವುದು ಅವುಗಳ ಕೆಲಸ. ಸೀಲಿಯಾಕ್ ರೋಗಿಯು ಗ್ಲೂಟನ್ ತಿಂದರೆ ಶರೀರವು ತನ್ನ ಕರುಳಿನ ಮೇಲೆ ತಾನೇ ದಾಳಿಮಾಡಿ ಈ ಚಾಚುಗಳನ್ನು ಸವೆಸಿಹಾಕುತ್ತದೆ. ಆಗ ಎಷ್ಟು ಉಣಿಸಿದರೂ ಮೈಗೆ ಹತ್ತದು. ಇದು ಅಲರ್ಜಿಯಲ್ಲ. ಕಡಲೆಕಾಯಿ ನಿಮಿಷಗಳಲ್ಲಿ ಕೂಗಿ ಹೇಳುತ್ತದೆ. ಗೋಧಿ ಸದ್ದಿಲ್ಲದೆ ತಿಂಗಳುಗಟ್ಟಲೆ ಕೊರೆಯುತ್ತದೆ. ಒಂದೇ ಮನೆಗೆ ಎರಡು ಬಗೆಯ ಕಾವಲು ಬೇಕಾದದ್ದು ಹೀಗೆ.

1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯ ಲಕ್ಷಣಗಳನ್ನು ಸ್ಪಷ್ಟವಾಗಿ ವರ್ಣಿಸಿ, ಇದು ವಾಸಿಯಾಗುವುದಾದರೆ ಪಥ್ಯದಿಂದಲೇ ಎಂದು ಊಹಿಸಿದ್ದ. ಆದರೆ ಬಿಡಬೇಕಾದ ಆಹಾರ ಯಾವುದೆಂದು ಅವನಿಗೆ ತಿಳಿದಿರಲಿಲ್ಲ. ಅದನ್ನು ಗುರುತಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಗೋಧಿಯ ಮೇಲೆ ಮೊದಲಿಂದಲೂ ಗುಮಾನಿಯಿದ್ದ ಅವನಿಗೆ, 1944–45ರ ಯುದ್ಧಕಾಲದ ಕ್ಷಾಮವು ಆ ಗುಮಾನಿಯನ್ನು ಬಲಪಡಿಸಿತು. ದೇಶಕ್ಕೆ ದೇಶವೇ ಬ್ರೆಡ್ಡಿಲ್ಲದೆ ಹಸಿದಿದ್ದಾಗ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿದ್ದವು! ಯುದ್ಧಾನಂತರ ಅವನೂ ಅವನ ಸಹೋದ್ಯೋಗಿಗಳೂ ಗೋಧಿಯೇ ಕಾರಣವೆಂದು ಪ್ರಯೋಗಪೂರ್ವಕ ಸಾಧಿಸಿದರು.

ನಮ್ಮ ದೇಶದ ಮೂರು ಪ್ರದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ನಮ್ಮಂಥವರು ಗಮನಿಸತಕ್ಕದ್ದು. ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ ಈ ಕಾಯಿಲೆಯಿದ್ದರೆ ದಕ್ಷಿಣದಲ್ಲಿ 0.10 ಮಂದಿಗೆ ಮಾತ್ರ. ಆದರೆ ರೋಗಕ್ಕೆ ಎಡೆಗೊಡುವ ವಂಶವಾಹಿಗಳು ಎರಡೂ ಕಡೆ ಮೂವರಲ್ಲಿ ಒಬ್ಬರಿಗೆ ಎಂಬಷ್ಟು ಸರಿಸುಮಾರು ಸಮನಾಗಿಯೇ ಇವೆ. ಎದ್ದುಕಾಣುವ ವ್ಯತ್ಯಾಸವಿರುವುದು ತಿನ್ನುವ ಗೋಧಿಯ ಪ್ರಮಾಣದಲ್ಲಿ. ಅಕ್ಕಿ, ರಾಗಿ ತಿಂದು ಬೆಳೆದ ಕುಲದಿಂದ ಬಂದು ಗೋಧಿಯ ಊರುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು “ಇದು ನಮ್ಮವರಿಗೆ ಬರುವುದಿಲ್ಲ” ಎಂದು ನಿಶ್ಚಿಂತರಾಗಿರುವಂತಿಲ್ಲ.

ಅಡಿಗೆಮನೆಯ ಶೋಧನೆ

ಸೀಲಿಯಾಕ್ ಕಾಯಿಲೆಗೆ ಔಷಧಿಯೆಂದರೆ ಪಥ್ಯವೊಂದೇ, ಅದೂ ಆಜೀವಪರ್ಯಂತ. ತಜ್ಞರ ಬಾಯಿಂದ ಇದನ್ನು ಕೇಳಿ ನಾನು ಅತ್ತೆ. ಅತ್ತೆಯವರು ಮಾತ್ರ ದೂರವಾಣಿಯಲ್ಲಿ, “ಅಳುವುದೇಕಮ್ಮ? ರಾಗಿಯಿಲ್ಲವೇ, ಜೋಳವಿಲ್ಲವೇ, ಅಕ್ಕಿಯಿಲ್ಲವೇ?” ಎಂದರು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಅಕ್ಕಿಗೂ ಹಿರಿಮೆಗಾಗಿ ವಾದ ನಡೆಯುತ್ತದೆ. ನಮ್ಮ ಮನೆಯಲ್ಲಿ ಗೆದ್ದವರು ಇಬ್ಬರೂ. ಇಡ್ಲಿ, ದೋಸೆ, ಮುದ್ದೆ, ಅಕ್ಕಿರೊಟ್ಟಿ, ಜೋಳದ ರೊಟ್ಟಿ, ಅವಲಕ್ಕಿ, ಕಡುಬು — ಪೇಟೆಯ ದುಬಾರಿ ಪೊಟ್ಟಣಗಳ ಹಂಗಿಲ್ಲದೆ ಮಗುವಿನ ಹೊಟ್ಟೆ ತುಂಬಿತು. ನವರಾತ್ರಿಯಲ್ಲಿ ಪಕ್ಕದ ಮನೆಯವರು ಉಪವಾಸಕ್ಕೆಂದು ಮಾಡುವ ಕುಟ್ಟೂ ಹಿಟ್ಟಿನ ಪೂರಿಯೂ ಹಿಟ್ಟು, ಎಣ್ಣೆಗಳು ಶುದ್ಧವಾಗಿದ್ದರೆ ಅವನಿಗೆ ಸಲ್ಲುತ್ತದೆ.

ಕಷ್ಟವಿದ್ದದ್ದು ಅಡಗಿ ಬರುವ ಗೋಧಿಯಲ್ಲಿ. ಉಪ್ಪಿಟ್ಟು, ಕೇಸರಿಬಾತುಗಳ ರವೆ ಗೋಧಿಯದೇ ಎಂಬುದನ್ನು ನಮ್ಮಲ್ಲಿ ಎಷ್ಟೋ ಮಂದಿ ನೆನೆಯುವುದಿಲ್ಲ. ಹೋಳಿಗೆಯ ಕಣಕ, ಶಾವಿಗೆ, ಚಿರೋಟಿಗಳೂ ಅಷ್ಟೇ. ಇವನ್ನೆಲ್ಲ ಬಿಟ್ಟ ಮೇಲೂ ಮಗುವಿನ ಹೊಟ್ಟೆನೋವು ಪೂರ್ತಿ ಹೋಗಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ ಮೊದಲನೆಯ ಕಳ್ಳ ಇಂಗು! ಅಂಗಡಿಯ ಇಂಗು ಶುದ್ಧ ಇಂಗಲ್ಲ. ಅದಕ್ಕೆ ಹಲವು ವೇಳೆ ಗೋಧಿಹಿಟ್ಟನ್ನು ಬೆರೆಸಿರುತ್ತಾರೆ. ಪಥ್ಯದ ಅನ್ನಕ್ಕೆ ನಾನು ದಿನವೂ ಹಾಕುತ್ತಿದ್ದ ತಿಳಿಸಾರಿನ ಒಗ್ಗರಣೆಯಲ್ಲೇ ಅದು ಕುಳಿತಿತ್ತು. ಎರಡನೆಯದು ಹಿಟ್ಟಿನ ಗಿರಣಿ: ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿಯನ್ನೂ ಬೀಸಿದರೆ ರಾಗಿಹಿಟ್ಟೆಂಬ ಹೆಸರು ಉಳಿದೀತೇ ಹೊರತು ಶುದ್ಧಿಯಲ್ಲ. ಧಾನ್ಯವನ್ನು ಆರಿಸಿ, ತೊಳೆದು ಒಣಗಿಸಿ, ಮನೆಯಲ್ಲೇ ಬೀಸಲು ಒಂದು ಸಣ್ಣ ಯಂತ್ರ ಕೊಂಡೆವು. ಲಟ್ಟಣಿಗೆ, ಜರಡಿ, ಕಾವಲಿಗಳನ್ನು ಮಗುವಿಗೆಂದೇ ಬೇರೆ ಇಟ್ಟೆವು. ಪೊಟ್ಟಣದ ಮೇಲಿನ ಬರಹವನ್ನು ಓದದೆ ಏನನ್ನೂ ಕೊಳ್ಳುವುದಿಲ್ಲ. ಗ್ಲೂಟನ್ ಇರುವ ಧಾನ್ಯ, ಕಡಲೆಕಾಯಿ, ಹಾಲು, ಮೊಟ್ಟೆ, ಸೋಯಾ ಮುಂತಾದವುಗಳಿದ್ದರೆ ಅದನ್ನು ನಮೂದಿಸಬೇಕೆಂದು ನಮ್ಮ ಆಹಾರ ಕಾನೂನೇ ವಿಧಿಸುತ್ತದೆ. ಗ್ಲೂಟನ್‌ರಹಿತವೆಂದು ಹೇಳಿಕೊಳ್ಳುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲೂಟನ್ ಇರಕೂಡದು.

ಮಾತು ಬಲ್ಲವನಿಗೆ

ಊಟವನ್ನು ಕಲಿತದ್ದಾಯಿತು, ಮಾತು ಉಳಿದಿತ್ತು. 2019ರಲ್ಲಿ ಬಳಗದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ರವೆ, ತುಪ್ಪ, ಸಕ್ಕರೆ, ಬಾಳೆಹಣ್ಣಿನ ಘಮಘಮಿಸುವ ಸಪಾದ ಪ್ರಸಾದ. ಹಿರಿಯರೊಬ್ಬರು ಮಗುವಿನ ಮುಂದೆ ಹಿಡಿದರು. ಐದು ವರ್ಷದ ಮಗು ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಮುಖ ನೋಡಿತು. “ಪ್ರಸಾದ ಬೇಡವೆನ್ನಬಾರದಮ್ಮ, ಒಂದು ತುತ್ತಿನಿಂದ ಏನಾದೀತು?” ಎಂದರು. ನಾನು ಸಿಡುಕಿನಿಂದ, “ಆದರೆ ನೀವು ನೋಡಿಕೊಳ್ಳುತ್ತೀರಾ?” ಎಂದುಬಿಟ್ಟೆ. ಅವರ ಮುಖ ಬಾಡಿತು. ನಾವು ಊಟ ಮಾಡದೆ ಹೊರಟುಬಂದೆವು. ದಾರಿಯಲ್ಲಿ ಮಗು, “ಅಮ್ಮಾ, ನನ್ನಿಂದ ಎಲ್ಲರಿಗೂ ಕೋಪ ಬರುತ್ತಾ?” ಎಂದು ಕೇಳಿತು. ಕಾಯಿಲೆ ಕರುಳಿಗಷ್ಟೇ ಅಲ್ಲ, ಮನಸ್ಸಿಗೂ ತಟ್ಟುತ್ತಿದೆಯೆಂದು ಅಂದು ನನಗೆ ಅರಿವಾಯಿತು.

ವಾರದ ನಂತರ ಆ ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಒಂದು ತುತ್ತಿನಿಂದ ಏನಾಗುತ್ತದೆಂಬುದನ್ನು ಲೆಕ್ಕವಾಗಿಯೇ ಹೇಳಿದೆ. ದಿನಕ್ಕೆ 50 ಮಿಲಿಗ್ರಾಂ ಗ್ಲೂಟನ್ ಮೂರು ತಿಂಗಳು ಒಳಹೊಕ್ಕರೆ ಇಂಥ ರೋಗಿಯ ಕರುಳಿಗೆ ಹಾನಿಯಾಗುವುದನ್ನು ವೈದ್ಯರು ಪ್ರಯೋಗದಿಂದ ಕಂಡಿದ್ದಾರೆ. ಅಂಗಡಿಯ ಬ್ರೆಡ್ಡಿನ ಒಂದು ಬಿಲ್ಲೆಯನ್ನು ಸುಮಾರು ನಲವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಅಷ್ಟು. “ನೀವು ಒಂದು ತುತ್ತು ಕೊಡುತ್ತೀರಿ, ಅಜ್ಜಿ ಒಂದು, ಶಾಲೆಯ ಗೆಳೆಯ ಒಂದು. ಕೊಡುವವರಿಗೆಲ್ಲ ಅದು ಒಂದೇ ತುತ್ತು, ತಿನ್ನುವ ಮಗುವಿಗೆ ಮಾತ್ರ ಒಂದಲ್ಲ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. 2020ರ ಜನವರಿಯ ಪೂಜೆಯಲ್ಲಿ ರವೆಯ ಪಾತ್ರೆಯನ್ನು ಮುಟ್ಟುವ ಮುನ್ನವೇ ನೈವೇದ್ಯದ ಬಾಳೆಹಣ್ಣೊಂದನ್ನು ಬೇರೆ ತಟ್ಟೆಯಲ್ಲಿ ತೆಗೆದಿಟ್ಟು, ಮಗುವನ್ನು ಎಲ್ಲರಿಗಿಂತ ಮೊದಲು ಕರೆದು ಕೊಟ್ಟವರು ಅವರೇ.

ಬಂಧುಗಳಲ್ಲಿ ನನ್ನ ವಿನಂತಿಯಿಷ್ಟು: ಇಂಥ ಮಗು ನಿಮ್ಮ ಮನೆಗೆ ಬಂದಾಗ, ಏನು ಕೊಡಬಹುದೆಂದು ತಾಯಿಯನ್ನು ಕೇಳಿ. ಅದು ಬೇಡವೆಂದರೆ ಬಲವಂತ ಮಾಡಬೇಡಿ. ಸಂಘದ ಊಟದಲ್ಲಿ ಬಡಿಸುವ ಸೌಟುಗಳನ್ನು ಬೆರಸಬೇಡಿ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿದರೆ ತಿಳಿಸಿ. ನಿಮ್ಮ ಮಗುವಿನ ತೂಕ, ಎತ್ತರಗಳು ನಿಂತುಹೋದರೆ, ರಕ್ತಹೀನತೆ ಔಷಧಿಗೆ ಬಗ್ಗದಿದ್ದರೆ, ಗೋಧಿಯನ್ನು ನಿಲ್ಲಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಒಬ್ಬರಿಗೆ ರೋಗವಿದ್ದರೆ ಒಡಹುಟ್ಟಿದವರಿಗೂ ತಂದೆತಾಯಿಗಳಿಗೂ ಪರೀಕ್ಷೆ ಅವಶ್ಯಕ.

ಮಗನಿಗೀಗ ಹನ್ನೊಂದು ದಾಟಿದೆ. ಪಥ್ಯ ಹಿಡಿದ ಕೆಲವೇ ವಾರಗಳಲ್ಲಿ ಅವನ ಅಳು ನಿಂತಿತ್ತು. ಎತ್ತರ ಗೆಳೆಯರ ಸಮಕ್ಕೆ ಬರಲು ಎರಡು ವರ್ಷ ಹಿಡಿಯಿತು. ಕಳೆದ ಸಂಕ್ರಾಂತಿಗೆ ಅತ್ತೆಯವರು ಕಡಲೆಕಾಯಿ ಸೋಕದ ಪಾತ್ರೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಗಳನ್ನಷ್ಟೇ ಬೆರೆಸಿ ಮೊಮ್ಮಗನ ಕೈಗೆ ಕೊಟ್ಟರು. ಅದನ್ನು ಮನೆಮನೆಗೂ ಹಂಚಿ ಬಂದವನು ಅವನೇ.