ಮನೆಯ ಕಂಪ್ಯೂಟರಿಗೆ ಚಿತ್ರ ಸಂಪಾದನೆಯ ತಂತ್ರಾಂಶ: ಕನ್ನಡ ಅಧ್ಯಾಪಕರು ಗಮನಿಸಬೇಕಾದುದು

ಕೆಲವು ವರ್ಷಗಳ ಹಿಂದೆ ತರಬೇತಿ ಶಿಬಿರವೊಂದಕ್ಕಾಗಿ ನಾನು ಮನೆಯ ಕಂಪ್ಯೂಟರಿನಲ್ಲಿ ಒಂದು ಭಿತ್ತಿಪತ್ರವನ್ನು ಸಿದ್ಧಪಡಿಸಿದೆ. ಚಿತ್ರ ಸೊಗಸಾಗಿತ್ತು, ಬಣ್ಣಗಳೂ ಹದವಾಗಿದ್ದವು. ಅದನ್ನು ಗೋಡೆಗೆ ಅಂಟಿಸಿದ ಮೇಲೆ ಯುವ ಅಧ್ಯಾಪಕಿಯೊಬ್ಬರು ಹತ್ತಿರ ಬಂದು, "ಸರ್, ಮಕ್ಕಳು ಹೀಗೆ ಬರೆದರೆ ನಾವು ಕೆಂಪು ಗೆರೆ ಎಳೆಯುತ್ತೇವಲ್ಲ?" ಎಂದು ಮೆಲ್ಲನೆ ಕೇಳಿದರು. 'ಸ್ವಾತಂತ್ರ್ಯ' ಎಂಬ ಪದದಲ್ಲಿ ಒತ್ತಕ್ಷರಗಳು ಕೆಳಗಿಳಿಯದೆ, ಬಿಡಿ ಬಿಡಿಯಾಗಿ ಒಂದೇ ಸಾಲಿನಲ್ಲಿ ನಿಂತಿದ್ದವು. ಕೀಲಿಮಣೆಯಲ್ಲಿ ನಾನು ಒತ್ತಿದ ಅಕ್ಷರಗಳು ಸರಿಯಾಗಿಯೇ ಇದ್ದವು. ನಾನು ಆರಿಸಿಕೊಂಡ ತಂತ್ರಾಂಶಕ್ಕೆ ಕನ್ನಡವನ್ನು ಜೋಡಿಸುವ ಕ್ರಮ ತಿಳಿದಿರಲಿಲ್ಲ. ಪರಿಶೀಲಿಸದೆ ಮುದ್ರಿಸಿದ ತಪ್ಪು ಮಾತ್ರ ನನ್ನದೇ.

ಗಡಿನಾಡಿನ ನಮ್ಮ ಮಕ್ಕಳಿಗೆ ಶಾಲೆಯ ಹೊರಗೆ ಕನ್ನಡ ಅಚ್ಚು ಕಣ್ಣಿಗೆ ಬೀಳುವುದು ಕಡಿಮೆ. ತರಗತಿಯ ಗೋಡೆ, ಮಿಂಚುಪಟ್ಟಿ, ಶಾಲಾ ಸಂಚಿಕೆಗಳೇ ಅವರಿಗೆ ಲಿಪಿಯ ಮಾದರಿ. ಆದುದರಿಂದ ಚಿತ್ರ ಸಂಪಾದನೆಯ ತಂತ್ರಾಂಶವನ್ನು ಆರಿಸುವಾಗ ಕನ್ನಡ ಅಧ್ಯಾಪಕರಾದ ನಾವು ಬೇರೆಯವರು ಕೇಳದ ಒಂದು ಪ್ರಶ್ನೆಯನ್ನು ಮೊದಲು ಕೇಳಬೇಕಾಗುತ್ತದೆ: ಇದು ಕನ್ನಡವನ್ನು ಸರಿಯಾಗಿ ಬರೆಯುತ್ತದೆಯೇ?

1. ಮೊದಲ ಪರೀಕ್ಷೆ: ಅಕ್ಷರ

ಯುನಿಕೋಡ್ ಪದ್ಧತಿಯಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಸಂಗ್ರಹವಾಗುತ್ತವೆ. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಸಕಾರ, ವಿರಾಮಚಿಹ್ನೆ, ತಕಾರ, ಮತ್ತೆ ವಿರಾಮಚಿಹ್ನೆ, ರಕಾರ, ಕೊನೆಗೆ ಈ ಸ್ವರದ ಚಿಹ್ನೆ ಎಂಬ ಆರು ಸಂಕೇತಗಳ ಸಾಲು. ಇವನ್ನು ಕೂಡಿಸಿ ಒತ್ತನ್ನು ಅದರ ಸ್ಥಾನದಲ್ಲಿರಿಸುವುದು ತಂತ್ರಾಂಶದ ಕೆಲಸ. ಈ ಜೋಡಣೆಯ ವ್ಯವಸ್ಥೆ ಇಲ್ಲದಿದ್ದಲ್ಲಿ ಎಷ್ಟೇ ಬೆಲೆಯ ತಂತ್ರಾಂಶವಾದರೂ ಕನ್ನಡವನ್ನು ಒಡೆದು ತೋರಿಸುತ್ತದೆ.

ಈ ತೊಡಕಿನಿಂದ ಪಾರಾಗಲು ಅನೇಕರು ನುಡಿ, ಬರಹ ಮೊದಲಾದವುಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳನ್ನು ಬಳಸಿದ್ದುಂಟು. ಅವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನಿರಿಸಿದ ಫಾಂಟುಗಳು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಷ್ಟೇ ಉಳಿಯುತ್ತವೆ. ಇಂದು ಸಿದ್ಧಪಡಿಸಿದುದನ್ನು ಮುಂದಿನ ವರ್ಷ ತಿದ್ದಿ ಬಳಸಬೇಕಾದರೆ ಯುನಿಕೋಡೇ ಲೇಸು. ನೋಟೋ, ಲೋಹಿತ್, ಗುಬ್ಬಿ, ನವಿಲು ಮುಂತಾದ ಯುನಿಕೋಡ್ ಫಾಂಟುಗಳು ಉಚಿತವಾಗಿ ದೊರೆಯುತ್ತವೆ.

ಯಾವುದೇ ತಂತ್ರಾಂಶವನ್ನು ಒಪ್ಪಿಕೊಳ್ಳುವ ಮೊದಲು ಈ ಪದಗಳನ್ನು ಅದರಲ್ಲಿ ಬರೆದು ನೋಡಿರಿ: ಸ್ತ್ರೀ, ರಾಷ್ಟ್ರ, ಸ್ವಾತಂತ್ರ್ಯ, ಸೂರ್ಯ, ಅರ್ಥ, ಜ್ಞಾನ, ಕ್ಷಮೆ. ಒತ್ತಿನ ಮೇಲೆ ಒತ್ತು, ಅರ್ಕಾವತ್ತು, ಸಂಯುಕ್ತಾಕ್ಷರ ಎಲ್ಲವೂ ಇವುಗಳಲ್ಲಿ ಅಡಕವಾಗಿವೆ. ಏಳೂ ಪದಗಳು ಸರಿಯಾಗಿ ಮೂಡಿದರೆ ಮುಂದಿನ ಪರಿಶೀಲನೆಗೆ ಹೋಗಬಹುದು.

2. ನಮ್ಮ ಕೆಲಸ ಯಾವುದು?

ಅಧ್ಯಾಪಕರಿಗೆ ಬೇಕಾಗುವ ಕೆಲಸಗಳು ಸಾಮಾನ್ಯವಾಗಿ ಐದು: ಚಿತ್ರವನ್ನು ಕತ್ತರಿಸಿ ನೇರಗೊಳಿಸುವುದು, ಮೊಬೈಲಿನಲ್ಲಿ ತೆಗೆದ ಪುಟದ ಮಬ್ಬನ್ನು ನೀಗಿಸುವುದು, ಚಿತ್ರದ ಮೇಲೆ ಬರೆಹವನ್ನು ಸೇರಿಸುವುದು, ಕಳುಹಿಸಲು ಗಾತ್ರವನ್ನು ಕಿರಿದುಗೊಳಿಸುವುದು, ಹಳೆಯ ಚಿತ್ರಗಳ ಕಲೆ, ಗೀರುಗಳನ್ನು ತಿದ್ದುವುದು. ಕತ್ತರಿಸುವ, ತಿರುಗಿಸುವ, ಬೆಳಕನ್ನು ಹೆಚ್ಚಿಸುವ ಕೆಲಸಗಳಷ್ಟೇ ಇದ್ದರೆ ಕಂಪ್ಯೂಟರಿನೊಂದಿಗೇ ಬಂದಿರುವ ಚಿತ್ರದರ್ಶಕ ಸಾಕು. ಚಿತ್ರ ಮತ್ತು ಬರೆಹವನ್ನು ಬೇರೆ ಬೇರೆ ಪದರಗಳಲ್ಲಿರಿಸಿ, ಒಂದನ್ನು ಕೆಡಿಸದೆ ಇನ್ನೊಂದನ್ನು ತಿದ್ದಬೇಕಾದಾಗ ಮಾತ್ರ ದೊಡ್ಡ ತಂತ್ರಾಂಶದ ಅಗತ್ಯ ಬೀಳುತ್ತದೆ.

3. ಎರಡು ಮುಖ್ಯ ದಾರಿಗಳು

ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದಿತು. ವೃತ್ತಿಪರರ ತಂತ್ರಾಂಶವಾಗಿ ಅದರ ಹಿರಿಮೆ ನಿರ್ವಿವಾದ. ಆದರೆ 2013ರಿಂದ ಅದರ ಹೊಸ ಆವೃತ್ತಿಗಳು ಚಂದಾ ಕ್ರಮದಲ್ಲಿ ಮಾತ್ರ ದೊರೆಯುತ್ತಿವೆ; ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಇರಿಸಿಕೊಳ್ಳುವಂತಿಲ್ಲ. ಅದರ ಕೆಲವು ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಮೀಸಲಾದ ಆಯ್ಕೆಯನ್ನು ಸಿದ್ಧತೆಗಳ ಪಟ್ಟಿಯಲ್ಲಿ ಹುಡುಕಿ ಚಾಲನೆಗೊಳಿಸದಿದ್ದರೆ ಕನ್ನಡ ಒಡೆಯುತ್ತದೆ.

ಪರಿಚಯಸ್ಥರಿಂದ ಪಡೆದ ಕಳ್ಳಪ್ರತಿಯನ್ನು ಬಳಸುವ ರೂಢಿ ನಮ್ಮಲ್ಲಿಯೂ ಇದೆ ಎಂಬುದನ್ನು ಮರೆಮಾಚಲಾಗದು. ಅಕ್ರಮ ಪ್ರತಿ ಎಂದು ತಿಳಿದೂ ಕಂಪ್ಯೂಟರ್ ತಂತ್ರಾಂಶವನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ಅಪರಾಧ. ನಕಲು ಮಾಡಬಾರದೆಂದು ಮಕ್ಕಳಿಗೆ ಹೇಳುವವರು ನಾವು ಎಂಬುದನ್ನೂ ನೆನೆಯಬೇಕು.

ಎರಡನೆಯ ದಾರಿ ಗಿಂಪ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಇದನ್ನು ಆರಂಭಿಸಿದರು. ಇದು ಸ್ವತಂತ್ರ ತಂತ್ರಾಂಶ. ಬಳಸಲು, ಹಂಚಲು, ಮಾರ್ಪಡಿಸಲು ಯಾರಿಗೂ ಹಕ್ಕಿದೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಯುನಿಕೋಡ್ ಕನ್ನಡವನ್ನು ಯಾವ ಪ್ರತ್ಯೇಕ ಸಿದ್ಧತೆಯೂ ಇಲ್ಲದೆ ಸರಿಯಾಗಿ ಜೋಡಿಸುತ್ತದೆ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಗ್ನೂ/ಲಿನಕ್ಸ್ ವ್ಯವಸ್ಥೆಯೊಂದಿಗೇ ಇದು ಬರುವುದರಿಂದ, ಮನೆಯಲ್ಲಿ ಕಲಿತುದು ಶಾಲೆಯ ಪ್ರಯೋಗಾಲಯದಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಮೊದಲ ಕೆಲವು ದಿನ ಇದರ ಆಯ್ಕೆಪಟ್ಟಿಗಳು ಗೊಂದಲಗೊಳಿಸುವುದು ನಿಜ. ಒಂದು ದಿನಕ್ಕೆ ಒಂದೇ ಸಾಧನವನ್ನು ಅಭ್ಯಾಸ ಮಾಡಿದರೆ ಆ ತೊಡಕು ನೀಗುತ್ತದೆ.

ಜಾಲದರ್ಶಕದಲ್ಲಿಯೇ ನಡೆಯುವ ಸೇವೆಗಳೂ ಇವೆ. ಇವುಗಳಲ್ಲಿ ಫೋಟೋಪಿಯಾ ಚಿತ್ರವನ್ನು ನಮ್ಮ ಕಂಪ್ಯೂಟರಿನಲ್ಲಿಯೇ ಸಂಸ್ಕರಿಸುತ್ತದೆ. ಕ್ಯಾನ್ವಾದಂತಹ ಸೇವೆಗಳಲ್ಲಿ ಚಿತ್ರವು ಸಂಸ್ಥೆಯ ಕಂಪ್ಯೂಟರಿಗೆ ಹೋಗಿ ಸೇರುತ್ತದೆ. ಗಿಡಮರಗಳ ಚಿತ್ರವಾದರೆ ಚಿಂತೆಯಿಲ್ಲ. ಮಕ್ಕಳ ಮುಖವಿರುವ ಚಿತ್ರಗಳನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಹಾಗೆ ಏರಿಸುವುದು ತರವಲ್ಲ.

4. ಉಳಿಸುವ ಕ್ರಮ

ತಂತ್ರಾಂಶ ಯಾವುದೇ ಇರಲಿ, ಮೂಲಚಿತ್ರವನ್ನು ಮುಟ್ಟದೆ ಅದರ ಪ್ರತಿಯ ಮೇಲೆಯೇ ಕೆಲಸ ಮಾಡಬೇಕು. ಜೆಪೆಗ್ ರೂಪದ ಚಿತ್ರವನ್ನು ತಿದ್ದಿ ಉಳಿಸಿದಷ್ಟು ಸಲವೂ ಅದರ ಸೂಕ್ಷ್ಮ ವಿವರಗಳು ಕಳೆಯುತ್ತವೆ. ಪಿಎನ್‌ಜಿ ರೂಪದಲ್ಲಿ ಈ ನಷ್ಟವಿಲ್ಲ. ಪದರಗಳನ್ನು ಮುಂದೆಯೂ ತಿದ್ದಬೇಕಾದರೆ ಗಿಂಪಿನ ಎಕ್ಸ್‌ಸಿಎಫ್ ರೂಪದಲ್ಲಿ ಒಂದು ಪ್ರತಿಯನ್ನು ಇರಿಸಿಕೊಳ್ಳಿರಿ. ಎ4 ಹಾಳೆಯ ತುಂಬ ಚೆನ್ನಾಗಿ ಅಚ್ಚಾಗಬೇಕಾದ ಚಿತ್ರಕ್ಕೆ ಅಂಗುಲಕ್ಕೆ 300 ಬಿಂದುಗಳಂತೆ 2480 × 3508 ಬಿಂದುಗಳು ಬೇಕು. ವಾಟ್ಸ್ಆಪಿನಲ್ಲಿ ಸಾಮಾನ್ಯ ಚಿತ್ರವಾಗಿ ಬಂದುದು ಕುಗ್ಗಿರುವುದರಿಂದ ಮೂಲ ಕಡತವನ್ನೇ ಕೇಳಿ ಪಡೆಯುವುದು ಉಚಿತ.

ಈ ಎಚ್ಚರಿಕೆಗೆ ನಮ್ಮ ನಾಡಿನಲ್ಲಿ ವಿಶೇಷ ಕಾರಣವಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವುದಕ್ಕೂ ಹಿಂದಿನ ತರಗತಿ ಚಿತ್ರಗಳು ಹಳೆಯ ಶಾಲೆಗಳ ಕಪಾಟುಗಳಲ್ಲಿ ದೊರೆಯಬಹುದು. ಅವುಗಳ ಹಲಗೆಯ ಮೇಲಿನ ಕನ್ನಡ ಬರೆಹ, ಅಂಚಿನ ಸಹಿ, ಅಷ್ಟೇಕೆ, ಕಲೆಗಳೂ ದಾಖಲೆಯೇ. ಸ್ಕ್ಯಾನ್ ಮಾಡಿದ ಮೂಲವನ್ನು ಹಾಗೆಯೇ ಕಾದಿರಿಸಿ, ಪ್ರದರ್ಶನಕ್ಕೆ ಬೇಕಾದ ಪ್ರತಿಯನ್ನಷ್ಟೇ ತಿದ್ದಬೇಕು.

ಅಭ್ಯಾಸಕ್ಕೆ

ತಮ್ಮ ಮನೆಯ ಕಂಪ್ಯೂಟರಿನಲ್ಲಿರುವ ತಂತ್ರಾಂಶದಲ್ಲಿ ಮೇಲಿನ ಏಳು ಪದಗಳನ್ನು ಬರೆದು, ಮುದ್ರಿಸಿ, ತರಗತಿಯ ಮಕ್ಕಳ ಕೈಗೆ ಕೊಡಿರಿ. ತಪ್ಪುಗಳಿದ್ದರೆ ಹುಡುಕುವಂತೆ ಹೇಳಿರಿ. ಅವರು ಕೆಂಪು ಗೆರೆ ಎಳೆಯಬೇಕಾಗಿ ಬಾರದಿದ್ದರೆ, ತಮ್ಮ ಆಯ್ಕೆ ಸರಿಯಾಗಿದೆಯೆಂದು ತಿಳಿಯಬಹುದು.