ಬಣವಿಯ ದಾರಿಯಲ್ಲಿ ಒಂದು ಪಂಚರ್ ಅಂಗಡಿ

ಟ್ರ್ಯಾಕ್ಟರಿನ ಹಿಂದಿನ ಗಾಲಿಯಲ್ಲಿ ಗಾಳಿಯ ಜೊತೆಗೆ ನೀರೂ ಇರುತ್ತದೆ ಎಂಬುದು ಪೇಟೆಯವರಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಎರಿ ಹೊಲದಲ್ಲಿ ನೇಗಿಲು ಎಳೆಯುವಾಗ ಗಾಲಿ ಜಾರದೆ ನೆಲ ಹಿಡಿಯಲೆಂದು ಟ್ಯೂಬಿನ ಮುಕ್ಕಾಲು ಪಾಲು ನೀರು ತುಂಬಿಸುತ್ತಾರೆ. ದೊಡ್ಡ ಗಾಲಿಯೊಂದರಲ್ಲಿ ನೂರು ಲೀಟರಿಗೂ ಮೀರಿ ನೀರು ಹಿಡಿಯುತ್ತದೆ. ಮಾರ್ಚ್ ತಿಂಗಳ ಬಿಸಿಲಲ್ಲಿ, ಹಿಂದೆ ಜೋಳದ ಕಣಕಿ ಹೇರಿದ ಟ್ರೇಲರ್ ಕಟ್ಟಿಕೊಂಡು ಹೊಲದಿಂದ ಹೊರಟ ಆ ಗಾಲಿ ಜಾಲಿಮುಳ್ಳು ತುಳಿಯಿತೆನ್ನಿ. ಮೊದಲು ಕಾಣುವುದು ಟೈರಿನ ಮೇಲೊಂದು ಹಸಿ ಕಲೆ. ಅದಕ್ಕೆ ದಾರಿಯ ಧೂಳು ಮೆತ್ತಿ ಕೆಸರಾಗುತ್ತದೆ. ಯಮನೂರಿನ ಸನಿಹ ರಸ್ತೆಬದಿಯ ಪಂಚರ್ ಅಂಗಡಿಯ ಕಾಕಾ ಆ ಕೆಸರಿನ ಚುಕ್ಕಿಯನ್ನು ದೂರದಿಂದಲೇ ಗುರುತಿಸುತ್ತಾರೆ. ಟ್ರ್ಯಾಕ್ಟರ್ ನಿಲ್ಲುವ ಮೊದಲೇ ಜಾಕು ಹಿಡಿದು ಎದ್ದಿರುತ್ತಾರೆ.

ಅವರಿಗೆ ಹೆಸರು ಇದ್ದೇ ಇದೆ. ಆದರೆ ಅದನ್ನು ಪೇಪರಿನಲ್ಲಿ ಹಾಕುವುದು ಬೇಡ ಎಂದರು. ಸುತ್ತಲಿನ ಊರುಗಳ ರೈತರಿಗೆ ಅವರು ಬರೀ ‘ಕಾಕಾ’. ತಗಡಿನ ಚಪ್ಪರ, ಗಾಳಿ ಹೊಡೆಯುವ ಕಂಪ್ರೆಸರ್, ಕತ್ತರಿಸಿದ ಡ್ರಮ್ಮಿನ ನೀರು, ಒಂದು ಹಾರಿ, ಎರಡು ದೊಡ್ಡ ಲಿವರು, ಸುತ್ತಿಗೆ, ಪಾನಾಗಳ ಗಂಟು. ಅಂಗಡಿಯೆಂದರೆ ಇಷ್ಟೇ. ನವಲಗುಂದ ತಾಲ್ಲೂಕಿನ ಈ ಭಾಗದಲ್ಲಿ ಹಿಂಗಾರಿ ಸುಗ್ಗಿ ಮುಗಿದು ಮೇವು ಮನೆ ಸೇರುವ ತನಕ ಈ ಚಪ್ಪರದ ಕೆಳಗೆ ಬಿಡುವೆಂಬುದಿಲ್ಲ. ರಾಶಿ ಯಂತ್ರ, ಟ್ರೇಲರ್, ನೀರಿನ ಟ್ಯಾಂಕರ್, ಟೈರ್ ಚಕ್ಕಡಿ ಎಲ್ಲವೂ ಇಲ್ಲಿಗೇ ಬಂದು ನಿಲ್ಲುತ್ತವೆ.

ದೊಡ್ಡ ಗಾಲಿಯನ್ನು ಬಿಚ್ಚುವುದು ಬಲದ ಕೆಲಸ. ಮೊದಲು ವಾಲ್ವ್ ಮೇಲಕ್ಕೆ ಬರುವಂತೆ ಗಾಲಿ ತಿರುಗಿಸಿ ಗಾಳಿ ಬಿಡಬೇಕು, ಆಮೇಲೆ ಅದನ್ನು ಕೆಳಕ್ಕೆ ತಂದು ನೀರು ಇಳಿಸಬೇಕು. ಆ ನೀರನ್ನೂ ಕಾಕಾ ಚೆಲ್ಲುವುದಿಲ್ಲ, ಡ್ರಮ್ಮಿಗೆ ಹಿಡಿಯುತ್ತಾರೆ. ಬೇಸಿಗೆಯಲ್ಲಿ ಇಲ್ಲಿ ನೀರಿನ ಬೆಲೆ ಎಲ್ಲರಿಗೂ ಗೊತ್ತು. ಬಳಿಕ ರಿಮ್ಮಿಗೆ ಕಚ್ಚಿಕೊಂಡ ಟೈರಿನ ಅಂಚನ್ನು ಹಾರಿಯಿಂದ ಮೀಟಿ ಸಡಿಲಿಸುತ್ತಾರೆ. 13.6–28 ಎಂದು ಬರೆದ ಟೈರೆಂದರೆ ಅಗಲ 13.6 ಇಂಚು, ರಿಮ್ಮಿನ ವ್ಯಾಸ 28 ಇಂಚು. ಒಬ್ಬರೇ ಎತ್ತಿ ಮಲಗಿಸುವ ಸಾಮಾನಲ್ಲ. ಟ್ರ್ಯಾಕ್ಟರ್ ತಂದ ಹುಡುಗರೇ ಕೈಹಚ್ಚುತ್ತಾರೆ.

ಮುಂದಿನದು ಸೂಕ್ಷ್ಮದ ಕೆಲಸ. ನಾನು ಬಹಳ ಹೊತ್ತು ನಿಂತು ನೋಡಿದ್ದು ಇದನ್ನೇ. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡಿ ತೂತು ಹುಡುಕುವುದು ಎಲ್ಲ ಅಂಗಡಿಯಲ್ಲೂ ಇದೆ. ಕಾಕಾ ಅದಕ್ಕಿಂತ ಹೆಚ್ಚಿನ ಹೊತ್ತು ಕೊಡುವುದು ಟೈರಿನ ಒಳಮೈಗೆ. ಜೇಬಿನಿಂದ ಒಂದು ಹಿಡಿ ಅರಳೆ ತೆಗೆದು, ಟೈರಿನೊಳಗೆ ಕೈಯಿಟ್ಟು, ಅಂಗುಲ ಅಂಗುಲವೂ ಬಿಡದಂತೆ ಸವರಿಕೊಂಡು ಹೋಗುತ್ತಾರೆ. ಕಣ್ಣಿಗೆ ಕಾಣದ, ಬೆರಳಿಗೂ ತಾಗದ ಮುಳ್ಳಿನ ತುದಿಗೆ ಅರಳೆಯ ಎಳೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು. ಮತ್ತೆ ಸವರುವುದು, ಮತ್ತೆ ಗುರುತು. ಆಮೇಲೆ ಚಿಮಟಿಗೆ ಹಿಡಿದು ಒಂದೊಂದನ್ನೇ ಎಳೆಯುತ್ತಾರೆ. ಹೊರಗಿನಿಂದ ಬರದಿದ್ದರೆ ಒಳಗಿನಿಂದ ಮೊಳೆ ಇಟ್ಟು ಹಿಂದಕ್ಕೆ ತಳ್ಳುತ್ತಾರೆ.

ಎದುರಿಗೆ ನಿಂತಿದ್ದ ರೈತ ಹುಡುಗನಿಗೆ ತಾಳ್ಮೆ ತಪ್ಪುತ್ತಿತ್ತು. “ಕಾಕಾ, ಲಗೂನ ಮಾಡ್ರಿ. ಮುಗಲ ಕಪ್ಪಾಗಾಕತ್ತೈತಿ, ಕಣಕಿ ಇನ್ನೂ ಹೊಲದಾಗ ಬಿದ್ದೈತಿ” ಎಂದ.

“ಮುಳ್ಳ ಕಿತ್ತರ ಮುಗೀತು ಅಂತ ತಿಳೀಬ್ಯಾಡ ತಮ್ಮಾ. ತುದಿ ಮುರದು ಒಳಗ ಕುಂತಿರತೈತಿ. ಈಗ ಗಡಬಡ ಮಾಡಿದ್ರ ನಾಳೆ ಇದ ಗಾಲಿ ಉರುಳಿಸ್ಕೋಂತ ಮತ್ತ ನನ್ನ ಹತ್ರನ ಬರ್ತಿ” ಎಂದರು ಕಾಕಾ, ಕೈ ನಿಲ್ಲಿಸದೆ.

ಬಳ್ಳಾರಿ ಜಾಲಿಯ ಮುಳ್ಳಿನ ಗುಣವೇ ಅದು. ಚುಚ್ಚಿದಾಗ ಅರ್ಧಕ್ಕೆ ಮುರಿಯುತ್ತದೆ; ಉಳಿದ ಚೂರು ಗಾಲಿ ಉರುಳಿದಂತೆಲ್ಲ ರಬ್ಬರಿನೊಳಗೆ ಸರಿಯುತ್ತ ಹೋಗಿ ಕೆಲವು ದಿನಗಳ ಮೇಲೆ ಟ್ಯೂಬನ್ನು ಮುಟ್ಟುತ್ತದೆ. ಅಮೆರಿಕ ಖಂಡದ ಈ ಗಿಡ ಭಾರತಕ್ಕೆ ಬಂದದ್ದು 1877ರ ಹೊತ್ತಿಗೆ. ಕಟ್ಟಿಗೆಗೆಂದು, ಬರಡು ನೆಲಕ್ಕೆ ಹಸಿರಾಗಲೆಂದು ಬಿತ್ತಿದ್ದು ಇಂದು ಬೆಣ್ಣಿಹಳ್ಳದ ಎರಡೂ ದಂಡೆ ತುಂಬಿ ನಿಂತಿದೆ. ಇನ್ನೊಂದು ಸಂಗತಿಯನ್ನು ಕಾಕಾ ತೋರಿಸಿಕೊಟ್ಟರು. ಬಣವಿಗೆ ದನ ಬಾಯಿ ಹಾಕಬಾರದೆಂದು ರೈತರು ಸುತ್ತ ಹಚ್ಚುವ ಬೇಲಿಯೂ ಇದೇ ಜಾಲಿಯ ಟೊಂಗೆಗಳದ್ದು. ಮೇವು ಇಳಿಸಲು ಟ್ರೇಲರನ್ನು ಹಿಂದಕ್ಕೆ ತರುವಾಗ ಗಾಲಿ ಆ ಬೇಲಿಯ ಬುಡವನ್ನೇ ತುಳಿಯುತ್ತದೆ. ಹೊಲದಿಂದ ಸುಖವಾಗಿ ಬಂದ ಗಾಡಿ ಮನೆಯ ಹಿತ್ತಲಲ್ಲಿ ಗಾಳಿ ಕಳೆದುಕೊಳ್ಳುವುದು ಹೀಗೆ.

ಮುಳ್ಳಿನ ನಂತರದ ಶತ್ರು ಕೂಳೆ. ಹಿಂಗಾರಿ ಬಿಳಿಜೋಳವನ್ನು ಈ ಸೀಮೆಯಲ್ಲಿ ಬೇರು ಸಮೇತ ಕೀಳುವ ರೂಢಿ. ಸೂಡು ಕಟ್ಟಿ, ತೆನೆ ಮುರಿದು, ಕಣಕಿಯನ್ನು ಬಣವಿಗೆ ಒಟ್ಟುತ್ತಾರೆ. ಕಿತ್ತ ಹೊಲದಲ್ಲಿ ಗಾಲಿಗೆ ಚುಚ್ಚುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಕೀಳುವ ಆಳು ಸಿಗದೆ ಕುಡಗೋಲಿನಿಂದ ಕೊಯ್ಯುವುದು ಹೆಚ್ಚಿದಂತೆ ಓರೆಯಾಗಿ ಕತ್ತರಿಸಿದ ದಂಟಿನ ಮೊನೆಗಳು ಹೊಲದ ತುಂಬ ಉಳಿದವು. ಬಿಸಿಲಿಗೆ ಒಣಗಿದ ಮೇಲೆ ಅವು ಟೈರನ್ನು ಸೀಳುವಷ್ಟು ಗಟ್ಟಿ. ಹತ್ತಿ ಕಟ್ಟಿಗೆ ಕಡಿದ ಹೊಲವಂತೂ ಇನ್ನೂ ಕಷ್ಟ. ಕೂಲಿಯಾಳಿನ ಕೊರತೆ ಪಂಚರ್ ಅಂಗಡಿಯ ಲೆಕ್ಕದಲ್ಲಿ ಹೀಗೆ ಬಂದು ಕೂಡುತ್ತದೆ ಎಂಬುದನ್ನು ನಾನು ಇಲ್ಲಿಗೆ ಬರುವವರೆಗೆ ಯೋಚಿಸಿರಲಿಲ್ಲ.

ಯಮನೂರಿನ ಹೆಸರು ನಾಡಿಗೆ ಗೊತ್ತಿರುವುದು ಚಾಂಗದೇವ–ರಾಜಾಬಾಗಸವಾರರಿಂದ. ಹಿಂದೂಗಳು, ಮುಸಲ್ಮಾನರು ಕೂಡಿಯೇ ನಡೆದುಕೊಳ್ಳುವ ಈ ಸಂತರ ದರ್ಗಾ ಇಲ್ಲಿದೆ. ಹೋಳಿ ಹುಣ್ಣಿವೆಯ ಬಳಿಕ, ರಂಗಪಂಚಮಿಯ ಹೊತ್ತಿಗೆ ಜಾತ್ರೆ ನೆರೆಯುತ್ತದೆ. ಬೆಣ್ಣಿಹಳ್ಳದ ನೀರಿನಿಂದಲೇ ಇಲ್ಲಿ ದೀಪ ಉರಿಯುತ್ತದೆಂಬ ನಂಬಿಕೆ, ಹಳ್ಳದಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ ದೂರದೂರದ ಜನರನ್ನು ಎಳೆದು ತರುತ್ತವೆ. 2016ರ ಜುಲೈಯಲ್ಲಿ ಮಹದಾಯಿ ನೀರಿನ ಹೋರಾಟದ ಕಾಲಕ್ಕೆ ಊರಿನ ಹೆಸರು ಇನ್ನೊಂದು ಕಾರಣಕ್ಕೆ, ಪೊಲೀಸರ ಲಾಠಿಯ ನೋವಿನೊಡನೆ, ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ಜಾತ್ರೆ ಮತ್ತು ಮೇವಿನ ಹಂಗಾಮು ಒಂದೇ ತಿಂಗಳಲ್ಲಿ ಕೂಡುವುದರಿಂದ ಕಾಕಾನ ಅಂಗಡಿಗೆ ಎರಡೂ ಕಡೆಯ ಗಾಲಿಗಳು ಬರುತ್ತವೆ. ಜಾತ್ರೆಗೆ ಬಂದ ಬಡವರ ಸೈಕಲ್ಲಿಗೆ ಗಾಳಿ ತುಂಬಿದ್ದಕ್ಕೆ ಆ ದಿನಗಳಲ್ಲಿ ಅವರು ದುಡ್ಡು ಮುಟ್ಟುವುದಿಲ್ಲ.

ಹಿಂದಿನ ಕಾಲ ಹೇಗಿತ್ತೆಂದು ಕೇಳಿದರೆ ಅವರು ತಮ್ಮ ಅಪ್ಪನ ಕಾಲದ ಚಕ್ಕಡಿಯಿಂದ ಶುರು ಮಾಡುತ್ತಾರೆ. ಆಗ ಗಾಲಿಗೆ ಇದ್ದದ್ದು ಕಬ್ಬಿಣದ ಹಳಿ. ಕುಳ್ಳು ಪೇರಿಸಿ ಉರಿ ಹಚ್ಚಿ ಹಳಿಯನ್ನು ಕೆಂಪಗೆ ಕಾಯಿಸಿ, ಬಡಿಗೇರರು, ಕಂಬಾರರು ಕೂಡಿ ಕಟ್ಟಿಗೆಯ ಗಾಲಿಗೆ ಏರಿಸಿ, ಕೊಡದಿಂದ ನೀರು ಸುರಿಯುತ್ತಿದ್ದರಂತೆ. ಹಳಿ ಕುಗ್ಗಿ ಗಾಲಿಯನ್ನು ಬಿಗಿಹಿಡಿಯುತ್ತಿತ್ತು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲಾದರೆ ಚಕ್ಕಡಿಯನ್ನು ಹಳ್ಳದ ಮಡುವಿಗೆ ಇಳಿಸಿ ರಾತ್ರಿಯೆಲ್ಲ ಗಾಲಿ ನೆನೆಯಲು ಬಿಡುತ್ತಿದ್ದರು. ಬೆಳಗಾಗುವುದರೊಳಗೆ ಕಟ್ಟಿಗೆ ಉಬ್ಬಿ ಸರಿಯಾಗುತ್ತಿತ್ತು. ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಡನ್ಲಪ್ 1888ರಲ್ಲಿ ಗಾಳಿ ತುಂಬಿದ ಟೈರು ಮಾಡಿದ್ದು ಸೈಕಲ್ಲಿಗೆ. ಟ್ರ್ಯಾಕ್ಟರಿಗೆ ರಬ್ಬರ್ ಗಾಲಿ ಬಂದದ್ದು 1932ರಲ್ಲಿ, ಅಮೆರಿಕದಲ್ಲಿ. ಇಲ್ಲಿಗೆ ಟ್ರ್ಯಾಕ್ಟರುಗಳು ನಾಲ್ಕಾರಾಗಿ ಬರತೊಡಗಿದ್ದು ನವಿಲುತೀರ್ಥದ ಅಣೆಕಟ್ಟಾಗಿ ಮಲಪ್ರಭೆಯ ಕಾಲುವೆ ಹರಿದ ಮೇಲೆ ಎಂಬುದು ಕಾಕಾನ ನೆನಪು. ಅದೇ ಕಾಲುವೆಯ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದ–ನವಲಗುಂದದ ರೈತರು ಬಂಡೆದ್ದಾಗ ಅವರಿನ್ನೂ ಹುಡುಗ. ಪಂಚರ್ ಕೆಲಸ ಕಲಿತದ್ದು ಆಮೇಲೆ, ಹುಬ್ಬಳ್ಳಿಯ ಲಾರಿ ಗ್ಯಾರೇಜಿನಲ್ಲಿ. ಕರೆಂಟಿನ ಪ್ರೆಸ್ ಇಲ್ಲದ ದಿನಗಳಲ್ಲಿ ಹಳೆಯ ಎಂಜಿನ್ನಿನ ಪಿಸ್ಟನ್ನನ್ನು ಟೊಳ್ಳು ಮೇಲಾಗುವಂತೆ ಇಟ್ಟು, ಅದರ ಬಟ್ಟಲಲ್ಲಿ ಸೀಮೆಎಣ್ಣೆ ಉರಿಸಿ ರಬ್ಬರಿನ ತೇಪೆಯನ್ನು ಬೇಯಿಸುತ್ತಿದ್ದರು. ಆ ಪಿಸ್ಟನ್ ಇನ್ನೂ ಅಂಗಡಿಯಲ್ಲಿದೆ. ಕರೆಂಟು ಹೋದರೆ ಈಗಲೂ ಅದೇ.

ಯಂತ್ರ ಕೆಡುವ ಕತೆ ಬೇರೆ. ಕಡಲೆ, ಗೋಧಿ ಕೊಯ್ಯುವ ದೊಡ್ಡ ಯಂತ್ರಗಳು ಈಗ ಸುಗ್ಗಿಯಲ್ಲಿ ಊರೂರಿಗೆ ಬರುತ್ತವೆ. ಈ ನೆಲದ ಹೆಸರನ್ನೇ ಹೊತ್ತ ಅಣ್ಣಿಗೇರಿ–1 ಕಡಲೆಯ ಗಿಡ ಗಿಡ್ಡ, ಕಾಯಿ ನೆಲದ ಸಮೀಪ. ಯಂತ್ರದ ಬ್ಲೇಡನ್ನು ಅಷ್ಟು ಕೆಳಗಿಳಿಸಿದರೆ ಹೆಂಟೆ ಬಡಿದು ಹಲ್ಲು ಮುರಿಯುತ್ತದೆ, ಎತ್ತಿದರೆ ಕಾಯಿ ಹೊಲದಲ್ಲೇ ಉಳಿಯುತ್ತದೆ. ಯಂತ್ರಕ್ಕೆ ಒಗ್ಗಲೆಂದೇ ಎತ್ತರದ ಎನ್‌ಬಿಇಜಿ–47, ಜಿಬಿಎಂ–2ರಂಥ ತಳಿಗಳು ಬಂದಿವೆ. ಆದರೂ ಎತ್ತು, ಎಮ್ಮೆ ಇರುವ ಮನೆಯವರು ಗಿಡ ಕಿತ್ತು ರಾಶಿ ಯಂತ್ರಕ್ಕೇ ಹಾಕಿಸುತ್ತಾರೆ. ದೊಡ್ಡ ಯಂತ್ರ ಹೊಟ್ಟನ್ನು ಹೊಲದ ತುಂಬ ಚೆಲ್ಲಿಬಿಡುತ್ತದೆ. ಕಣದಲ್ಲಿ ರಾಶಿಯಾದರೆ ಹೊಟ್ಟು ಒಂದೆಡೆ ಸಿಗುತ್ತದೆ. ದನಕ್ಕೆ ಅದು ಬೇಕು.

ರಾಶಿ ಯಂತ್ರಕ್ಕೆ ಬರುವ ರೋಗಗಳು ಕಣದಲ್ಲಿ ನಿಂತವರಿಗೆಲ್ಲ ಗೊತ್ತು. ಬೆಲ್ಟ್ ಹರಿಯುತ್ತದೆ, ಬೇರಿಂಗ್ ಕಾದು ಕೂಗುತ್ತದೆ, ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ತಿರುವು ಕೊಡುವ ಶಾಫ್ಟಿನ ಕ್ರಾಸ್ ಮುರಿಯುತ್ತದೆ. ಹೊಟ್ಟಿನ ಧೂಳು ರೇಡಿಯೇಟರಿನ ಜಾಳಿಗೆ ಕಟ್ಟಿ ಎಂಜಿನ್ ಕುದಿಯುತ್ತದೆ. ಹೊಲದಲ್ಲೇ ರಿಪೇರಿ ಮಾಡಬೇಕಾದಾಗ ಅನುಭವಸ್ಥರು ಮೊದಲು ಮಾಡುವ ಕೆಲಸ ಯಂತ್ರದ ಕೆಳಗೆ ತಾಡಪತ್ರಿ ಹಾಸುವುದು. ಬೇಸಿಗೆಯಲ್ಲಿ ಎರಿ ನೆಲ ಕೈ ಇಳಿಯುವಷ್ಟು ಬಿರಿದಿರುತ್ತದೆ. ಕೈತಪ್ಪಿದ ಒಂದು ನಟ್ಟು ಆ ಬಿರುಕಿಗೆ ಬಿದ್ದರೆ ಹುಬ್ಬಳ್ಳಿಗೇ ಹೋಗಬೇಕು, ಅಂದಿನ ದಿನ ಮುಗಿಯಿತು.

ಮೇವಿನ ಹಂಗಾಮಿನಲ್ಲಿ ಒಂದು ದಿನವೆಂದರೆ ಸಣ್ಣದಲ್ಲ. ಬಣವಿಗೆ ಒಟ್ಟುವ ಮೊದಲು ಅಕಾಲದ ಮಳೆ ಬಿದ್ದರೆ ಕಣಕಿ ಕರ್ರಗಾಗಿ ಬೂಸ್ಟು ಹಿಡಿಯುತ್ತದೆ, ದನ ಮೂಸಿ ಬಿಡುತ್ತವೆ. ಅದಕ್ಕಾಗಿಯೇ ಒಂದೇ ಸಲಕ್ಕೆ ಆಗುವಷ್ಟೂ ಹೇರುವ ಆಸೆ. ಮೇವು ಹಗುರ, ತೂಕಕ್ಕೆ ಟೈರು ಒಡೆಯಲಾರದು. ಆದರೆ ಎತ್ತರ ಹೆಚ್ಚಾದಂತೆ ಹೇರು ವಾಲುತ್ತದೆ. ಗಾಲಿಜಾಡಿನಲ್ಲಿ ಒಂದು ಕಡೆ ಇಳಿದಾಗ ಭಾರವೆಲ್ಲ ಒಂದೇ ಟೈರಿನ ಪಕ್ಕೆಗೆ ಬೀಳುತ್ತದೆ. ಪಕ್ಕೆ ಹರಿದ ಟೈರಿಗೆ ಔಷಧಿಯಿಲ್ಲ. ಎತ್ತರದ ಹೇರಿಗೆ ಜೋತುಬಿದ್ದ ಕರೆಂಟಿನ ತಂತಿ ತಾಗಿ, ಮೇವು ಟ್ರೇಲರ್ ಸಮೇತ ಸುಟ್ಟುಹೋದ ಸುದ್ದಿಯನ್ನು ಉತ್ತರ ಕರ್ನಾಟಕದವರು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

“ಗಾಳಿ ಹ್ವಾದ ಗಾಲಿ ಮ್ಯಾಲ ಹತ್ತ ಹೆಜ್ಜಿ ಸೈತ ಹೊಡೀಬ್ಯಾಡ್ರಿ ಅಂತ ಬಡ್ಕೋತೀನಿ. ಕೇಳೂದುಲ್ಲ. ಊರ ಮುಟ್ಟೇಬಿಡೂಣು ಅಂತಾರ. ಪಂಚರ್ ತಗದ್ರ ಹೋಗೂದು ನೂರರಾಗ, ಟೈರ್ ಹರದ್ರ ಸಾವಿರದಾಗ” ಎನ್ನುತ್ತಾರೆ ಕಾಕಾ. ಸುಗ್ಗಿಯಲ್ಲಿ ಅವರು ಬಹಳ ಸಲ ದುಡ್ಡು ಬರೆದಿಡುತ್ತಾರೆ. ಕಡಲೆ ಮಾರಿದ ಮೇಲೆ ಕೊಡುವ ಮಾತು. ಬೆಲೆ ಬಿದ್ದ ವರ್ಷ ಆ ಮಾತೂ ಮುಂದಕ್ಕೆ ಹೋಗುತ್ತದೆ.

ಟ್ರ್ಯಾಕ್ಟರಿಗೆ ಸಾಲ ಸಿಗುತ್ತದೆ, ಯಂತ್ರಗಳಿಗೆ ಸಹಾಯಧನ ಇದೆ, 2014–15ರಿಂದ ಕೃಷಿ ಯಂತ್ರಧಾರೆಯ ಕೇಂದ್ರಗಳಲ್ಲಿ ಬಾಡಿಗೆಗೂ ಯಂತ್ರ ದೊರೆಯುತ್ತದೆ. ಒಳ್ಳೆಯದೇ. ಆದರೆ ಆ ಯಂತ್ರ ಹೊಲದ ನಡುವೆ ನಿಂತುಬಿಟ್ಟಾಗ ಅದನ್ನು ಎಬ್ಬಿಸುವ ಕೈಗಳನ್ನು ಯಾರೂ ಕೃಷಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟ್ರ್ಯಾಕ್ಟರ್, ಕೃಷಿ ಯಂತ್ರಗಳ ದುರಸ್ತಿ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಆಂಧ್ರದ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿದೆ. ಯಮನೂರಿನ ಹುಡುಗನಿಗೆ ಅದು ದೂರ. ಹೋಬಳಿಗೊಂದರಂತೆ ರೈತ ಸಂಪರ್ಕ ಕೇಂದ್ರಗಳಿವೆ. ಬಿತ್ತನೆ ಬೀಜ ಕೊಡುವ ಅದೇ ಅಂಗಳದಲ್ಲಿ ಸುಗ್ಗಿಗೆ ಮುಂಚೆ ಒಂದು ವಾರ ಇಂಥ ಕಾಕಾಗಳನ್ನು ಕೂರಿಸಿ ಊರ ಹುಡುಗರಿಗೆ ಗಾಲಿ ಬಿಚ್ಚುವುದು, ಬೆಲ್ಟ್ ಬದಲಿಸುವುದು, ಬೇರಿಂಗಿಗೆ ಗ್ರೀಸ್ ಹಾಕುವುದು ಕಲಿಸಬಹುದು. ಕಲಿಸಿದ್ದಕ್ಕೆ ಅವರಿಗೆ ಗೌರವಧನ ಕೊಡಬಹುದು. ದೊಡ್ಡ ಖರ್ಚಿನ ಮಾತಲ್ಲ.

ಕಾಕಾನ ಮಗ ಹುಬ್ಬಳ್ಳಿಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅದರ ಬಗ್ಗೆ ಅವರಿಗೆ ಬೇಸರವಿಲ್ಲ. ಹಾರಿ ಎತ್ತಿ ಎತ್ತಿ ತಮ್ಮ ಸೊಂಟ ಹೋಗಿರುವುದು ಅವರಿಗೇ ಗೊತ್ತು. ಇನ್ನೆಷ್ಟು ಸುಗ್ಗಿ ಮಾಡುತ್ತೀರಿ ಎಂದು ಕೇಳಿದೆ. ಮೈ ನಡೆಯುವ ತನಕ ಎಂದರು. ಮೊದಲು ಅಂಗಡಿಯಲ್ಲಿ ಇಬ್ಬರು ಹುಡುಗರಿದ್ದರಂತೆ, ಈಗ ಯಾರೂ ಇಲ್ಲ. ಯಾರಾದರೂ ಕಲಿಯಲು ಬಂದರೆ?

“ಬರ್ಲಿ. ಪಗಾರಾನೂ ಕೊಡ್ತೀನಿ, ಊಟಾನೂ ಹಾಕ್ತೀನಿ” ಎಂದು, ತುಸು ತಡೆದು ಸೇರಿಸಿದರು: “ಆದ್ರ ಸುಗ್ಗಿ ಮುಗದ ಮ್ಯಾಲ ಬರಬ್ಯಾಡ ಅಂತ ಹೇಳ್ರಿ. ಸುಗ್ಗ್ಯಾಗ ಬರ್ಬೇಕು. ಅರಳಿ ಹಿಡದು ಮುಳ್ಳ ಹುಡಕೂದು ಆವಾಗನ ಕಲೀಬೇಕು, ಉಳದದ್ದು ಯಾವಾಗರ ಬರತೈತಿ.”