ಒಡೆದ ಮೇಲೂ ಕೈಬಿಡದ ಗಾಜು

ಬಾಲ್ಕನಿಗೆ ಗಾಜಿನ ರೇಲಿಂಗ್ ಹಾಕಿಸುವವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ‘ಟಫನ್ಡ್ ಗ್ಲಾಸ್ ತಾನೇ?’ ಹೌದು ಎಂದರೆ ನೆಮ್ಮದಿ. ಆ ನೆಮ್ಮದಿ ಅರ್ಧಂಬರ್ಧದ್ದು. ಟಫನ್ಡ್ ಗಾಜು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ನಿಜ; ಒಡೆದರೆ ಚೂಪಾದ ಹೋಳಾಗದೆ ಹರಳು ಹರಳಾಗಿ ಉದುರುತ್ತದೆ, ಅದೂ ನಿಜ. ಆದರೆ ಹತ್ತನೇ ಮಹಡಿಯಲ್ಲಿ ಅದಕ್ಕೆ ಒರಗಿ ನಿಂತವರ ಮುಂದೆ ಕ್ಷಣದಲ್ಲಿ ಬಯಲೊಂದೇ ಉಳಿಯುತ್ತದೆ, ಕೆಳಗೆ ಓಡಾಡುವವರ ತಲೆಯ ಮೇಲೆ ಗಾಜಿನ ಮಳೆ ಸುರಿಯುತ್ತದೆ. ಎತ್ತರದಲ್ಲಿ ಕೂರಿಸುವ ಗಾಜನ್ನು ಅದು ಒಡೆದ ಮೇಲೆ ಏನು ಮಾಡುತ್ತದೆ ಎಂಬುದರಿಂದ ಅಳೆಯಬೇಕು.

ಅಷ್ಟು ಗಟ್ಟಿ ಗಾಜು ಯಾಕೆ ಒಡೆಯಬೇಕು ಎಂದರೆ, ಕಲ್ಲೇ ಬೀಳಬೇಕೆಂದಿಲ್ಲ. ಗಾಜು ಕರಗಿಸುವಾಗ ಸೇರಿಕೊಂಡ ನಿಕಲ್ ಸಲ್ಫೈಡಿನ ಕಣವೊಂದು ಸಾಕು. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಗಾಳಿ ಊದಿ ಥಟ್ಟನೆ ಆರಿಸಿದಾಗ ಆ ಕಣ ತನ್ನ ಬಿಸಿಗಾಲದ ರೂಪದಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಧಾನವಾಗಿ ರೂಪ ಬದಲಿಸುತ್ತಾ ಹಿಗ್ಗುತ್ತದೆ. ಯಾರೂ ಮುಟ್ಟದಿದ್ದರೂ ಒಂದು ದಿನ ಇಡೀ ಹಾಳೆ ಸಿಡಿಯುತ್ತದೆ. ಚೂರುಗಳು ಚೌಕಟ್ಟಿನಲ್ಲೇ ನಿಂತಿದ್ದರೆ, ಸಿಡಿತ ಶುರುವಾದ ಜಾಗದಲ್ಲಿ ಉಳಿದವಕ್ಕಿಂತ ದೊಡ್ಡದಾದ ಎರಡು ಹೋಳು ಚಿಟ್ಟೆಯ ರೆಕ್ಕೆಗಳಂತೆ ಅಕ್ಕಪಕ್ಕ ಕಾಣುತ್ತವೆ. ಅವುಗಳ ನಡುವಿನ ಗೆರೆಯಲ್ಲಿ ಕಣ್ಣಿಗೆ ಕಂಡೂ ಕಾಣದ ಚುಕ್ಕೆ. ಕಾರ್ಖಾನೆಯಲ್ಲೇ ಗಾಜನ್ನು ಮತ್ತೆ ಗಂಟೆಗಟ್ಟಲೆ ಕಾಯಿಸಿ, ಇಂಥ ಕಣವಿರುವ ಹಾಳೆಗಳು ಅಲ್ಲೇ ಒಡೆಯುವಂತೆ ಮಾಡುವ ‘ಹೀಟ್ ಸೋಕ್’ ಪರೀಕ್ಷೆಯಿದೆ. ಅದು ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ಲ್ಯಾಮಿನೇಟೆಡ್ ಗಾಜು ಒಡೆಯುವುದನ್ನು ಒಪ್ಪಿಕೊಂಡೇ ಹುಟ್ಟಿದ್ದು. ಫ್ರಾನ್ಸಿನ ಕಲಾವಿದ, ರಸಾಯನತಜ್ಞ ಎಡ್ವಾರ್ ಬೆನೆಡಿಕ್ಟಸ್ ಕೈಜಾರಿ ಬಿದ್ದ ಫ್ಲಾಸ್ಕ್ ಸೀಳಿದರೂ ಚದುರದೆ ನಿಂತಿತು. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಅದನ್ನು ಹಿಡಿದಿತ್ತು. 1909ರಲ್ಲಿ ಅವರು ಪೇಟೆಂಟ್ ಪಡೆದರು. ಈಗ ಎರಡು ಗಾಜುಗಳ ನಡುವೆ ಸಾಮಾನ್ಯವಾಗಿ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇರುತ್ತದೆ, ದಪ್ಪ 0.38 ಮಿಲಿಮೀಟರ್ ಅಥವಾ ಅದರ ದುಪ್ಪಟ್ಟು, ನಾಲ್ಮಡಿ. ಒಡೆದರೆ ಜೇಡರ ಬಲೆಯಂತೆ ಬಿರುಕು ಹರಡುತ್ತದೆ, ಚೂರುಗಳು ಪದರಕ್ಕೆ ಕಚ್ಚಿಕೊಂಡಿರುತ್ತವೆ. ಇದೇ ಪದರ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುತ್ತದೆ, ರಸ್ತೆಯ ಸದ್ದನ್ನೂ ತಗ್ಗಿಸುತ್ತದೆ. ಕಾರಿನ ಮುಂಗಾಜಿಗೆ ನಾವು ಕಡ್ಡಾಯ ಮಾಡಿಕೊಂಡ ರಕ್ಷಣೆ ತಲೆಯ ಮೇಲಿನ ಗಾಜಿನ ಚಾವಣಿಗೆ ಬೇಡವೇ?

ಬೆಲೆ ಜಾಸ್ತಿ ಎನ್ನುವವರಿದ್ದಾರೆ, ಒಪ್ಪುತ್ತೇನೆ. ಮನೆಯ ಎಲ್ಲ ಕಿಟಕಿಗೂ ಇದು ಬೇಕಿಲ್ಲ. ರೇಲಿಂಗ್, ಚಾವಣಿ, ಮೆಟ್ಟಿಲು, ಜನ ಓಡಾಡುವ ಜಾಗದ ಮೇಲಿನ ಗಾಜಿಗಂತೂ ಬೇಕು. ಇದಕ್ಕಿಂತ ತೂಕದ ಆಕ್ಷೇಪ ಬೆಂಕಿಯದು. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ ಒಂಬತ್ತು ಜನ ಸತ್ತದ್ದನ್ನು ಮರೆತಿಲ್ಲದವರು, ಒಡೆಯಲಾಗದ ಗಾಜು ಬಲೆಯಾಗದೇ ಎಂದು ಕೇಳುವುದು ಸರಿಯಾಗಿಯೇ ಇದೆ. ಆದರೆ ಹೊಗೆ ಹೊರಹೋಗಲು ಬೇಕಾದದ್ದು ತೆರೆಯುವ ಕಿಟಕಿ, ಜನ ಹೊರಬರಲು ಬೇಕಾದದ್ದು ಬೀಗ ಹಾಕದ ಮೆಟ್ಟಿಲು. ಅವನ್ನು ಮುಚ್ಚಿಟ್ಟು ಗಾಜು ಒಡೆಯುವುದನ್ನೇ ನೆಚ್ಚಿಕೊಂಡ ಕಟ್ಟಡದಲ್ಲಿ ಯಾವ ಗಾಜೂ ಸುರಕ್ಷಿತವಲ್ಲ.

ಹಾಗಾಗಿ ಗಾಜಿನ ಕೆಲಸದವರಿಗೆ ‘ಟಫನ್ಡ್ ತಾನೇ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ನಡುವೆ ಪದರ ಇದೆಯೇ, ಎಷ್ಟು ದಪ್ಪದ್ದು ಎಂದೂ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.